ಹತ್ತೊಂಬತ್ತು ದಿನ ತಡವಾಗಿ ಕೆಟ್ಟ ಗಾಡಿ

ದೇವಿನ್
10 ಮೇ 2024

ಪ್ಲೊವ್ದಿವ್ ನಗರದ ಕಾರ್ ಸರ್ವಿಸ್ ಸೆಂಟರಿನ ಗ್ರಾಹಕ ಸಲಹೆಗಾರ್ತಿ ಕುಮಾರಿ ಬಿಲ್ಯಾನಾ ಮುತಾಫೋವಾ ಅವರಿಗೆ,

ನಾನಿಲ್ಲಿ ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮ ಕೇಳುವಷ್ಟು ಸೌಜನ್ಯವೂ ಈ ಹೊತ್ತು ನನ್ನಲ್ಲಿ ಉಳಿದಿಲ್ಲ.

ನೀವು ನನ್ನ ಮಗಳು ಅನ್ನುವುದನ್ನು ಈ ಪತ್ರದ ಮಟ್ಟಿಗೆ ಮರೆತಿದ್ದೇನೆ. ನಿನ್ನೆ ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ನೀವು ಈಸ್ಟರ್ ರಜೆಯ ಮೇಲಿದ್ದೀರಂತೆ. ಫೋನ್ ಎತ್ತಿದವರು "ಮೇಡಂ, ಹೇಳೋದನ್ನೆಲ್ಲ ಬರೆದು ಕೊಡಿ, ಬಾಯಿಮಾತು ನಡೆಯಲ್ಲ" ಅಂದರು. ಸರಿ, ಬರೆಯುತ್ತಿದ್ದೇನೆ. ಇನ್ನು ಮೇಲೆ ನಿಮ್ಮ ಜೊತೆ ನನ್ನ ಮಾತೆಲ್ಲ ಬರವಣಿಗೆಯಲ್ಲೇ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಸಾಲಿಹ್ ಫೋನ್ ಮಾಡಿದ. ಮೇಲಿನ ಹಳ್ಳಿಯ ಸಾಲಿಹ್, ತನ್ನ ಹೆಣ್ಣು ಕುದುರೆ ಗ್ರಿವಾಳನ್ನು ಕಟ್ಟಿ ಕಾಡಿನಿಂದ ದಿಮ್ಮಿ ಎಳೆಸುವವನು. "ಡಾಕ್ಟ್ರಮ್ಮ, ಗ್ರಿವಾಗೆ ನೀರು ಒಡೀತು. ಮರಿದು ಒಂದೇ ಕಾಲು ಹೊರಗೆ ಬಂದಿದೆ, ಇನ್ನೊಂದು ಕಾಣ್ತಾನೇ ಇಲ್ಲ" ಅಂದ. ಪಶುವೈದ್ಯೆಯ ಮಗಳಾಗಿ ಬೆಳೆದ ನಿಮಗೆ ಗೊತ್ತಿರಬೇಕು, ಕುದುರೆ ಹಸುವಿನ ಹಾಗಲ್ಲ. ನೀರು ಒಡೆದ ಮೇಲೆ ಅರ್ಧ ಗಂಟೆ, ಬಹಳ ಅಂದರೆ ಮುಕ್ಕಾಲು ಗಂಟೆ. ಅಷ್ಟರೊಳಗೆ ಕೈ ಹಾಕಿ ಮಡಚಿದ ಕಾಲು ಬಿಡಿಸಬೇಕು. ನನ್ನ ಮನೆಯಿಂದ ಅಲ್ಲಿಗೆ ಗಾಡಿಯಲ್ಲಿ ಇಪ್ಪತ್ತೈದು ನಿಮಿಷ.

ಅರ್ಧ ದಾರಿಯಲ್ಲಿ, ಏರಿನಲ್ಲಿ, ಆಯಿಲಿನ ಕೆಂಪು ದೀಪ ಹತ್ತಿತು. ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯುವಷ್ಟರಲ್ಲಿ ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗಾಯಿತು. ಗಾಡಿ ನಿಂತಿತು. ನಿಂತದ್ದು ನಿಂತೇ ಹೋಯಿತು. ಆ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಚೀಲ ಹೆಗಲಿಗೆ ಹಾಕಿ ಏಳು ಕಿಲೋಮೀಟರ್ ನಡೆದೆ. ನನಗೆ ಅರವತ್ತೊಂದು ವರ್ಷ. ಹೋಗಿ ಮುಟ್ಟುವ ಹೊತ್ತಿಗೆ ಮರಿ ಸತ್ತಿತ್ತು. ದಾರಿ ಕಾದು ಕಾದು, ಬೇರೆ ದಿಕ್ಕು ತೋಚದೆ, ಗಂಡಸರು ಆ ಒಂದು ಕಾಲಿಗೆ ಹಗ್ಗ ಕಟ್ಟಿ ಎಳೆದಿದ್ದರು. ಗ್ರಿವಾಳ ಒಳಗೆಲ್ಲ ಹರಿದಿತ್ತು. ಗುರುವಾರ ಬೆಳಿಗ್ಗೆ ಗ್ರಿವಾ ಕೂಡ ಹೋದಳು.

ಬುಧವಾರ ಸಂಜೆಯೇ ಗಾಡಿಯನ್ನು ಲಾರಿಯಲ್ಲಿ ನಿಮ್ಮಲ್ಲಿಗೆ ಸಾಗಿಸಿದ್ದೆ. ಈಗ ನಿಮ್ಮ ಸೆಂಟರ್ ಹೇಳುವುದೇನು? ಎಂಜಿನ್ ಪೂರ್ತಿ ಹೋಗಿದೆ, ಹೊಸದು ಹಾಕಲು ಹನ್ನೊಂದು ಸಾವಿರದ ನಾನೂರು ಲೆವಾ. ನನ್ನ ಆರು ತಿಂಗಳ ದುಡಿಮೆ. ವಾರಂಟಿ ಏಪ್ರಿಲ್ ಹತ್ತೊಂಬತ್ತಕ್ಕೆ ಮುಗಿಯಿತಂತೆ. ಗಾಡಿ ಕೆಟ್ಟದ್ದು ಮೇ ಎಂಟಕ್ಕೆ. "ಹತ್ತೊಂಬತ್ತೇ ದಿನ, ಬ್ಯಾಡ್ ಲಕ್ ಮೇಡಂ" ಅಂದರು. ಅಂದವರು ನಕ್ಕ ಹಾಗೆ ಕೇಳಿಸಿತು.

ಬ್ಯಾಡ್ ಲಕ್ಕಾ? ಜನವರಿಯಲ್ಲಿ, ವಾರಂಟಿ ಇನ್ನೂ ಮೂರು ತಿಂಗಳು ಇದ್ದಾಗ, ಇದೇ ಕೆಂಪು ದೀಪ ಹತ್ತುತ್ತಿದೆ ಅಂತ ಗಾಡಿ ತಂದು ನಿಮ್ಮ ಕೌಂಟರಿನ ಮುಂದೆ ನಿಂತಿದ್ದೆ. "ದೋಷ ಕಂಡುಬಂದಿಲ್ಲ" ಎಂದು ಅಚ್ಚು ಹಾಕಿದ ಕಾಗದ ಕೊಟ್ಟು ಕಳಿಸಿದಿರಿ. ಆ ಕಾಗದದ ಪ್ರತಿ ಇದರ ಜೊತೆಗಿದೆ. ಉತ್ತರ ಬೇಕು. ಬರವಣಿಗೆಯಲ್ಲಿ.

ನಿಮ್ಮ ಗ್ರಾಹಕಿ,
ಡಾ. ದಾಫಿನಾ ಮುತಾಫೋವಾ


ಪ್ಲೊವ್ದಿವ್
16 ಮೇ 2024

ಅಮ್ಮ,

ನಿನ್ನ ಪತ್ರವನ್ನು ನಮ್ಮ ಮ್ಯಾನೇಜರ್ ಕಾಮೆನ್ ಮೊದಲು ಒಡೆದು ಓದಿದರು. ಆಮೇಲೆ ಎಲ್ಲರೂ ಓದಿದರು. ನನಗೆ ತಲೆ ಎತ್ತಲು ಆಗಲಿಲ್ಲ. ನನ್ನ ಸ್ವಂತ ನಂಬರಿಗೆ ಒಂದು ಫೋನ್ ಮಾಡಬಾರದಿತ್ತಾ?

ಗ್ರಿವಾ ಸುದ್ದಿ ಕೇಳಿ ತುಂಬಾ ಸಂಕಟವಾಯಿತು. ಆದರೆ ಗಾಡಿ ವಿಷಯದಲ್ಲಿ ರೂಲ್ಸ್ ನಾನು ಮಾಡಿದ್ದಲ್ಲ. ಮೂರು ವರ್ಷ ಅಂದರೆ ಮೂರು ವರ್ಷ. ಎಲ್ಲಾದರೂ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ. ಜನವರಿಯಲ್ಲಿ ನೋಡಿದಾಗ ದೋಷ ದಾಖಲಾಗಿಲ್ಲ, ಹಾಗಾಗಿ ಹಿಂದಿನ ತೊಂದರೆ ಅಂತ ವಾದ ಮಾಡಲು ದಾರಿ ಇಲ್ಲ. ಕಾಮೆನ್ ಅವರ ಕೈಕಾಲು ಹಿಡಿದು ಹದಿನೈದು ಪರ್ಸೆಂಟ್ ಕಡಿಮೆ ಮಾಡಿಸಿದ್ದೇನೆ. ಕೂಲಿಯಲ್ಲಿ ಮಾತ್ರ, ಎಂಜಿನ್ ಬೆಲೆಯಲ್ಲಿ ಅಲ್ಲ. ಉಳಿದದ್ದಕ್ಕೆ ಕಂತು ಮಾಡಿಕೊಡುತ್ತಾರೆ. ದಯವಿಟ್ಟು ಒಪ್ಪಿಕೋ. ಆಫೀಸಿನ ವಿಳಾಸಕ್ಕೆ ಬರೆಯಬೇಡ.

ನಿನ್ನ,
ಬಿಲ್ಯಾನಾ


ದೇವಿನ್
27 ಮೇ 2024

ಬಿಲ್ಯಾನಾ,

ಗೆರೆ ಎಳೆಯಲೇಬೇಕು ಅಂದೆಯಲ್ಲ, ಆ ವಾಕ್ಯ ಓದಿ ಎದ್ದು ಹೋಗಿ ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದೆ. ಯಾರು ಕಲಿಸಿದರೇ ಇದನ್ನ ನಿನಗೆ? ಎಳೆಯುವ ಕೈ ನಿಮ್ಮದು, ಆಚೆ ಬಿದ್ದು ಸಾಯುವವರು ನಾವಾ?

ನಿಮ್ಮ ಹದಿನೈದು ಪರ್ಸೆಂಟನ್ನು ನೀವೇ ಇಟ್ಟುಕೊಳ್ಳಿ. ಗಾಡಿಯನ್ನು ಲಾರಿ ಮೇಲೆ ಹಾಕಿಸಿ ವಾಪಸ್ ತಂದಿದ್ದೇನೆ. ಇಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಸ್ಪಾಸ್ ಅಂತ ಮೆಕ್ಯಾನಿಕ್ ಇದ್ದಾನಲ್ಲ, ಹಲ್ಲಿಲ್ಲದವನು, ಅವನು ಎಂಜಿನ್ ಬಿಚ್ಚಿದ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಬಿಚ್ಚಿದ. "ಡಾಕ್ಟ್ರೇ, ನೀವು ಹೊಟ್ಟೆ ಕೊಯ್ಯೋದನ್ನ ನಾನು ನೋಡಿದೀನಿ, ಇವತ್ತು ನೀವು ನೋಡಿ" ಅಂದ.

ಒಳಗೆ ಒಂದು ಬೆಲ್ಟ್ ಇದೆ. ಅದು ಆಯಿಲ್ಲಿನಲ್ಲೇ ನೆನೆದುಕೊಂಡು ತಿರುಗುವ ಹಾಗೆ ನಿಮ್ಮ ಜಾಣರು ಮಾಡಿದ್ದಾರೆ. ರಬ್ಬರು ಆಯಿಲ್ಲಿನಲ್ಲಿ ನೆನೆದರೆ ಏನಾಗುತ್ತೆ? ಸ್ಪಾಸ್ ಅದನ್ನು ಬೆರಳಲ್ಲಿ ಮುಟ್ಟಿದ, ಸೀದ ರೊಟ್ಟಿಯ ಅಂಚಿನ ಹಾಗೆ ಉದುರಿತು. ಆ ಪುಡಿಯೆಲ್ಲ ಕೆಳಗಿನ ಜಾಲರಿಗೆ ಹೋಗಿ ಕೂತಿದೆ. ಜಾಲರಿ ಕಟ್ಟಿಕೊಂಡರೆ ಮೇಲಕ್ಕೆ ಆಯಿಲ್ ಇಲ್ಲ. ಆಯಿಲ್ ಇಲ್ಲದೆ ಎಂಜಿನ್ ಬಿಗಿದು ಸಾಯುತ್ತದೆ. ಅಷ್ಟೇ ಕಥೆ. "ಇದು ಒಂದು ವಾರದ್ದಲ್ಲ. ಜನವರಿಲಿ ದೀಪ ಹತ್ತಿದ್ದು ಇದಕ್ಕೇ. ಅವತ್ತು ಅಡಿಯ ತಟ್ಟೆ ಬಿಚ್ಚಿ ಇಣುಕಿದ್ರೆ ಕುರುಡನಿಗೂ ಕಾಣ್ತಿತ್ತು" ಅಂದ.

ಹಾಗಾದರೆ ಜನವರಿಯಲ್ಲಿ ಇಣುಕಿದ್ದು ಯಾರು? ಅವರ ಹೆಸರು ಹೇಳು. ನನಗೆ ಬೇರೇನೂ ಬೇಡ.

ನಾನೀಗ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂತು ಹಳ್ಳಿ ಸುತ್ತುತ್ತಿದ್ದೇನೆ. ಅದು ಹೋದ ಕಡೆ ನಾನು ಹೋಗಬೇಕು, ರೋಗ ಇದ್ದ ಕಡೆ ಅಲ್ಲ. ಸಾಲಿಹ್ ಹತ್ತಿರ ಈಗ ಉಳಿದಿರುವುದು ಒಂದು ಮುದಿ ಕುದುರೆ, ಅದು ಏರು ಹತ್ತುವುದಿಲ್ಲ. ಅವನು ಪಕ್ಕದ ಊರಿನವರ ಕುದುರೆ ಹಿಂದೆ ಕೂಲಿಗೆ ಹೋಗುತ್ತಿದ್ದಾನೆ.

ಅಮ್ಮ


ಪ್ಲೊವ್ದಿವ್
12 ಜೂನ್ 2024

ಅಮ್ಮ,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಜನವರಿಯಲ್ಲಿ ಯಾರೂ ಇಣುಕಲಿಲ್ಲ. ಅವತ್ತು ಹನ್ನೊಂದು ಗಾಡಿ ಕಾಯುತ್ತಿದ್ದವು. ಕಂಪ್ಯೂಟರ್ ಸಿಕ್ಕಿಸಿ ದೀಪ ಆರಿಸಿದರು, ಅಷ್ಟೇ. "ದೋಷ ಕಂಡುಬಂದಿಲ್ಲ" ಅಂತ ಟೈಪ್ ಮಾಡಿದ್ದು ನಾನು. ನನ್ನದೇ ಕೈ. ನೀನು ಸಗಣಿ ಮೆತ್ತಿದ ಬೂಟಿನಲ್ಲಿ ನಿಂತು, ಇಡೀ ಸೆಂಟರಿಗೆ ಕೇಳುವ ಹಾಗೆ "ಏ ಬಿಲ್ಯಾ, ಇದು ಸಾಯೋ ಪ್ರಾಣಿ ಉಸಿರಾಡಿದ ಹಾಗೆ ಸದ್ದು ಮಾಡ್ತಿದೆ ಕಣೇ" ಅಂದೆ. ನಿನ್ನ ಹಿಂದೆ ನಿಂತಿದ್ದ ಗಿರಾಕಿ ಮೂಗು ಮುಚ್ಚಿಕೊಂಡ. ನನಗೆ ನಾಚಿಕೆಯಾಯಿತು. ಅಮ್ಮ ಯಾವಾಗಲೂ ಸಣ್ಣದನ್ನು ದೊಡ್ಡದು ಮಾಡುತ್ತಾಳೆ ಅಂದುಕೊಂಡೆ. ನೀನು ಬೇಗ ಅಲ್ಲಿಂದ ಹೋದರೆ ಸಾಕಾಗಿತ್ತು.

ಇಷ್ಟೇ ಆಗಿದ್ದರೆ ಹೇಗೋ ಹೇಳಿಬಿಡುತ್ತಿದ್ದೆ.

ಮಾರ್ಚ್ ಹದಿನಾಲ್ಕಕ್ಕೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಬೆಲ್ಟ್ ಉದುರುತ್ತಿದೆ ಅಂತ ಕಂಪನಿಗೆ ಗೊತ್ತಾಗಿದೆ. ಜೊತೆಗೆ ಗಾಡಿಗಳ ಪಟ್ಟಿ. ಕಾಮೆನ್ ಎಲ್ಲರನ್ನೂ ಕೂರಿಸಿಕೊಂಡು, "ವಾರಂಟಿ ಒಳಗೆ ಬಂದು ಕೇಳಿದವರಿಗೆ ಸುಮ್ಮನೆ ಬದಲಾಯಿಸಿ ಕೊಡಿ. ಬರದವರನ್ನ ಕರೆಯೋಕೆ ಹೋಗಬೇಡಿ. ಇದು ಈ ರೂಮಿಂದ ಹೊರಗೆ ಹೋಗಬಾರದು" ಅಂದರು. ಎಲ್ಲರ ಹತ್ತಿರ ಸಹಿ ಹಾಕಿಸಿಕೊಂಡರು. ಪಟ್ಟಿಯ ಎರಡನೇ ಪುಟದಲ್ಲಿ ನಿನ್ನ ಗಾಡಿ ಇತ್ತು.

ಅವತ್ತೇ ಸಂಜೆ ನಿನಗೆ ಫೋನ್ ಮಾಡಬೇಕು ಅಂತ ಕೈಗೆತ್ತಿಕೊಂಡೆ. ನಿನಗೆ ಹೇಳಿದರೆ ಮಾರನೇ ದಿನ ಇಡೀ ಬೆಟ್ಟಕ್ಕೆ ಗೊತ್ತಾಗುತ್ತೆ, ಯಾರು ಹೇಳಿದ್ದು ಅಂತ ಕಾಮೆನ್‌ಗೆ ಮಧ್ಯಾಹ್ನಕ್ಕೇ ತಿಳಿಯುತ್ತೆ ಅನ್ನಿಸಿತು. ಏನಾದರೂ ನೆವ ಹೇಳಿ ಗಾಡಿ ತರಿಸೋಣ, ಮುಂದಿನ ವಾರ ಅಂದುಕೊಂಡೆ. ಮುಂದಿನ ವಾರ ಅಂತಲೇ ಏಪ್ರಿಲ್ ಹತ್ತೊಂಬತ್ತು ಬಂತು. ಅದು ಯಾವ ದಿನ ಅಂತ ನನಗೆ ನೆನಪಿತ್ತು ಅಮ್ಮ. ಕ್ಯಾಲೆಂಡರ್ ನೋಡಿದೆ, ಊಟಕ್ಕೆ ಹೋದೆ.

ಬಿಲ್ಯಾನಾ


ದೇವಿನ್
17 ಜೂನ್ 2024

ಪತ್ರ ತಲುಪಿದೆ. ಸದ್ಯಕ್ಕೆ ಬರೆಯಬೇಡ. ಬರಲೂ ಬೇಡ.

ದಾಫಿನಾ


ದೇವಿನ್
9 ಜುಲೈ 2024

ಬಿಲ್ಯಾನಾ,

ನಿನ್ನ ಜೊತೆ ಮಾತು ಶುರುವಾಯಿತು ಅಂತ ತಿಳಿಯಬೇಡ. ಇದು ವ್ಯವಹಾರದ ಪತ್ರ.

ನಿಮ್ಮ ಕಾಮೆನ್ ಮಹಾಶಯರಿಂದ ರಿಜಿಸ್ಟರ್ಡ್ ಅಂಚೆ ಬಂದಿದೆ. ಸ್ಪಾಸ್ ಎಂಜಿನ್ ಬಿಚ್ಚಿ ಬೆಲ್ಟ್ ತೋರಿಸಿದ್ದು ಅವರ ಕಿವಿಗೂ ಬಿದ್ದಿರಬೇಕು. ದಪ್ಪ ಕಾಗದ, ಮೇಲೆ ಬೆಳ್ಳಿ ಬಣ್ಣದ ಮುದ್ರೆ. "ನಮ್ಮ ಸಿಬ್ಬಂದಿಯ ಕುಟುಂಬದ ಮೇಲಿನ ವಿಶೇಷ ಗೌರವದಿಂದ" ಹೊಸ ಎಂಜಿನ್ ಪುಕ್ಕಟೆ ಹಾಕಿಕೊಡುತ್ತಾರಂತೆ. ನಾನು ಮಾಡಬೇಕಾದದ್ದು ಇಷ್ಟೇ: ಈ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ, ಯಾವ ಕಚೇರಿಗೂ ದೂರು ಕೊಡುವುದಿಲ್ಲ ಎಂದು ಕೆಳಗೆ ಸಹಿ.

ಒಂದು ಇಡೀ ದಿನ ಆ ಕಾಗದ ಅಡಿಗೆಮನೆಯ ಮೇಜಿನ ಮೇಲಿತ್ತು. ಸುಳ್ಳು ಹೇಳುವುದಿಲ್ಲ, ಪೆನ್ನೂ ತೆಗೆದಿದ್ದೆ. ಹಾಲಿನ ವ್ಯಾನಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿದೆ. ಕಳೆದ ವಾರ ಒಂದು ಹಸುವಿಗೆ ಹೊಟ್ಟೆ ಉಬ್ಬರ, ನಾನು ಹೋಗುವಷ್ಟರಲ್ಲಿ ಅವರೇ ಕುಯ್ದು ಮಾಂಸ ಹಂಚುತ್ತಿದ್ದರು. ಸಹಿ ಹಾಕಿದರೆ ಹದಿನೈದು ದಿನದಲ್ಲಿ ಗಾಡಿ ಬಾಗಿಲಲ್ಲಿ ನಿಲ್ಲುತ್ತಿತ್ತು.

ಆದರೆ ಆ ಪಟ್ಟಿಯ ಮಾತು ಬರೆದಿದ್ದೆ ನೀನು. ಎರಡನೇ ಪುಟದಲ್ಲಿ ನಾನಿದ್ದೆ ಅಂದಮೇಲೆ ಮೊದಲನೇ ಪುಟದಲ್ಲಿ ಯಾರ್ಯಾರಿದ್ದಾರೆ? ಅವರಿಗೆ ಸರ್ವಿಸ್ ಸೆಂಟರಿನಲ್ಲಿ ಮಗಳು ಇಲ್ಲ. ಅವರ ಗಾಡಿ ಯಾವ ಏರಿನಲ್ಲಿ, ಯಾವ ತಿರುವಿನಲ್ಲಿ, ಒಳಗೆ ಮಕ್ಕಳನ್ನು ಕೂರಿಸಿಕೊಂಡಿರುವಾಗ ನಿಲ್ಲುತ್ತದೋ? ನಾನು ಸಹಿ ಹಾಕಿದರೆ ಆ ರೂಮಿನಲ್ಲಿ ಕೂತವರ ಸಾಲಿಗೆ ನಾನೂ ಒಬ್ಬಳಾದೆ.

ಕಾಮೆನ್ ಅವರಿಗೆ ನಾನು ಬರೆದ ಉತ್ತರ ಇದು: "ಮಾನ್ಯರೇ, ನಲವತ್ತು ವರ್ಷ ಪ್ರಾಣಿಗಳ ಬಾಯಿ ಬಿಡಿಸಿ ಔಷಧಿ ಹಾಕಿದ್ದೇನೆ. ನನ್ನ ಬಾಯಿ ಮುಚ್ಚಿಸಲು ಒಂದು ಎಂಜಿನ್ ಸಾಲದು."

ನಾನು ಗ್ರಾಹಕರ ರಕ್ಷಣಾ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ. ಸ್ಪಾಸ್ ಆ ಬೆಲ್ಟಿನ ಪುಡಿಯನ್ನು ಉಪ್ಪಿನಕಾಯಿ ಜಾಡಿಯಲ್ಲಿ ಹಾಕಿ ಕೊಟ್ಟಿದ್ದಾನೆ. ಆದರೆ ಪುಡಿ ಮಾತಾಡುವುದಿಲ್ಲ. ಕಂಪನಿಗೆ ಮೊದಲೇ ಗೊತ್ತಿತ್ತು ಅಂತ ಹೇಳುವ ಕಾಗದ ಬೇಕು, ಅದನ್ನು ಓದಿದ ಒಬ್ಬ ಮನುಷ್ಯ ಬೇಕು.

ನಾನು ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ.

ಅಮ್ಮ


ಪ್ಲೊವ್ದಿವ್
18 ಜುಲೈ 2024

ಅಮ್ಮ,

ಅರವತ್ತಮೂರು ಗಾಡಿಗಳು. ಸುತ್ತೋಲೆಯ ಪ್ರತಿಯನ್ನು ಸೋಮವಾರ ನಾನೇ ಆಯೋಗಕ್ಕೆ ಕೊಟ್ಟು ಬಂದೆ. ಹೇಳಿಕೆ ಬರೆಸಿ ಸಹಿ ಹಾಕಿದೆ. ಜನವರಿಯ ಕಾಗದ ನಾನು ಟೈಪ್ ಮಾಡಿದ್ದು ಅನ್ನುವುದನ್ನೂ ಬರೆಸಿದೆ. ಬರೆದುಕೊಳ್ಳುತ್ತಿದ್ದ ಹೆಂಗಸು ತಲೆ ಎತ್ತಿ, "ಗಾಡಿಯ ಮಾಲೀಕರ ಹೆಸರೂ ಮುತಾಫೋವಾನಾ? ಸಂಬಂಧಾನಾ?" ಅಂದಳು. ಹೌದು ಅಂದೆ. ಅವಳು ಅದನ್ನೂ ಬರೆದುಕೊಂಡಳು.

ಮಂಗಳವಾರ ಬೆಳಿಗ್ಗೆ ನಾನೇ ಹೋಗಿ ಕಾಮೆನ್‌ಗೆ ಹೇಳಿದೆ. ಬೇರೆಯವರಿಂದ ಕೇಳಿ ತಿಳಿಯುವುದು ಬೇಡ ಅಂತ. ಅವರು ಕೂಗಾಡಲಿಲ್ಲ. "ನಿಮ್ಮಮ್ಮಂಗೆ ಪುಕ್ಕಟೆ ಎಂಜಿನ್ ಕೊಡ್ತೀನಿ ಅಂದಿದ್ದು ಯಾರ ಮುಖ ನೋಡಿ ಗೊತ್ತಾ?" ಅಂದರು. "ನನ್ನ ಮುಖ ನೋಡಿ ಅಲ್ಲ ಸಾರ್, ನಿಮ್ಮ ಮುಖ ಉಳಿಸಿಕೊಳ್ಳೋಕೆ" ಅಂದೆ. ಎಲ್ಲಿಂದ ಬಂತೋ ಆ ಮಾತು. ಹತ್ತು ಗಂಟೆಗೆ ಕೆಲಸದಿಂದ ತೆಗೆದು ಬೀರು ಖಾಲಿ ಮಾಡಿಸಿದರು. ಏಳು ವರ್ಷ ಜೊತೆಗೆ ಕಾಫಿ ಕುಡಿದವರಲ್ಲಿ ಒಬ್ಬರೂ ಬಾಗಿಲ ತನಕ ಬರಲಿಲ್ಲ.

ಇದನ್ನು ನಿನ್ನ ಮೆಚ್ಚುಗೆಗೆ ಬರೆಯುತ್ತಿಲ್ಲ.

ಬಿಲ್ಯಾನಾ


ದೇವಿನ್
20 ನವೆಂಬರ್ 2024

ಬಿಲ್ಯಾನಾ,

ತೀರ್ಮಾನ ಬಂತು! ಅರವತ್ತಮೂರು ಗಾಡಿಗೂ ಪುಕ್ಕಟೆ ಬೆಲ್ಟ್, ಹಾಳಾದವಕ್ಕೆ ಎಂಜಿನ್. ವಾರಂಟಿ ಮುಗಿದಿರಲಿ ಬಿಡಲಿ. ಮಾಲೀಕರಿಗೆಲ್ಲ ಕಂಪನಿಯೇ ಪತ್ರ ಬರೆದು ಕರೆಯಬೇಕು. ಜೊತೆಗೆ ದಂಡ. ಸ್ಪಾಸ್ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ರಕಿಯಾ ಸಾರಾಯಿ ಹಂಚಿದ, ತಾನೇ ವಾದ ಮಾಡಿ ಗೆದ್ದ ಹಾಗೆ. ನನ್ನ ಗಾಡಿ ಹೊಸ ಎಂಜಿನ್ ಜೊತೆ ಕಳೆದ ಶುಕ್ರವಾರ ಬಂದಿದೆ.

ಕುದುರೆಗೆ ಮಾತ್ರ ಏನೂ ಇಲ್ಲ. ನಾನು ಕೇಳಿದೆ. "ಅದು ಪರೋಕ್ಷ ನಷ್ಟ, ನಮ್ಮ ವ್ಯಾಪ್ತಿಗೆ ಬರೋದಿಲ್ಲ" ಅಂದರು. ಗ್ರಿವಾ ಪರೋಕ್ಷ. ಅವಳ ಹೊಟ್ಟೆಯಲ್ಲಿದ್ದದ್ದು ಇನ್ನೂ ಪರೋಕ್ಷ. ನನಗೆ ಮೈಯೆಲ್ಲ ಉರಿಯಿತು, ಆದರೆ ಯಾರ ಮೇಲೆ ಕೂಗಲಿ? ಕೋರ್ಟಿಗೆ ಹೋಗಬೇಕಂತೆ, ಅದೂ ಸಾಲಿಹನೇ ಹೋಗಬೇಕಂತೆ.

ಸಾಲಿಹ್ ವಿಷಯ ಬಿಡು.

ನೀನು ಈಗ ಎಲ್ಲಿ ಕೆಲಸ ಮಾಡುತ್ತಿದ್ದೀಯ? ಪೋಸ್ಟ್ ಮಾಸ್ಟರ್ ಹೆಂಡತಿ ಏನೋ ಹೇಳಿದಳು, ಊರಾಚೆ ಯಾವುದೋ ಸಣ್ಣ ಗ್ಯಾರೇಜ್ ಅಂತ. ಹೊಟ್ಟೆಗೆ ಸಾಲುತ್ತಾ?

ಅಮ್ಮ


ಪ್ಲೊವ್ದಿವ್
9 ಡಿಸೆಂಬರ್ 2024

ಅಮ್ಮ,

ಈ ಸಲ ಕೋಪ ನನ್ನದು.

ಶನಿವಾರ ನಾನು ನಿನ್ನ ಮನೆಗೆ ಬರಲಿಲ್ಲ. ಬರಬೇಡ ಅಂದಿದ್ದೆ ನೀನು, ಬಾ ಅಂತ ಇನ್ನೂ ಹೇಳಿಲ್ಲ. ಬಸ್ ಹತ್ತಿ ನೇರ ಸಾಲಿಹ್ ಮಾಮನ ಹಳ್ಳಿಗೆ ಹೋದೆ. ನೀನು ಅವರಿಗೆ ಎಲ್ಲ ಹೇಳಿರುತ್ತೀಯ, ಹೋಗಿ ಎದುರು ನಿಂತು ಬೈಸಿಕೊಳ್ಳೋಣ ಅಂತ ಹೊರಟೆ.

ಅವರಿಗೆ ಏನೂ ಗೊತ್ತಿಲ್ಲ! ಆರು ತಿಂಗಳು! ನೀನು ಆಯೋಗಕ್ಕೆ ಹೇಳಿದೆ, ಸ್ಪಾಸ್‌ಗೆ ಹೇಳಿದೆ, ಬಸ್ ಸ್ಟ್ಯಾಂಡಿಗೇ ಹೇಳಿದೆ. ಸಾಲಿಹ್ ಮಾಮನಿಗೆ ಮಾತ್ರ "ಗಾಡಿ ಕೆಟ್ಟಿತು" ಅಂದದ್ದು ಬಿಟ್ಟು ಒಂದು ಅಕ್ಷರ ಇಲ್ಲ.

ಮಾಮನ ಹೆಂಡತಿ ಫಾತ್ಮೆ ಅತ್ತೆ ಕಾಫಿ ತಂದಿಟ್ಟರು. ನಾನು ಮುಟ್ಟಲಿಲ್ಲ, ಮೊದಲು ಹೇಳಿ ಮುಗಿಸಿದೆ. ಜನವರಿ, ಮಾರ್ಚ್, ಎಲ್ಲ. ಮಾಮ ಕೇಳಿಕೊಂಡು ಕೂತರು. ಆಮೇಲೆ, "ಹಂಗಾದ್ರೆ ಡಾಕ್ಟ್ರಮ್ಮ ನನ್ನ ಮೇಲೆ ಸಿಟ್ಟಾಗಿದ್ದಲ್ವಾ?" ಅಂದರು.

ಅವರು ಏನಂದುಕೊಂಡಿದ್ದರು ಗೊತ್ತಾ ನಿನಗೆ? ತಾವು ಹಗ್ಗ ಹಾಕಿ ಎಳೆದದ್ದಕ್ಕೇ ಗ್ರಿವಾ ಸತ್ತಳು, ಅದಕ್ಕೇ ಡಾಕ್ಟ್ರಮ್ಮ ಜೂನಿನಿಂದ ತಮ್ಮ ಅಂಗಳಕ್ಕೆ ಕಾಲಿಡುತ್ತಿಲ್ಲ, ದಾರಿಯಲ್ಲಿ ಕಂಡರೂ ಮುಖ ತಿರುಗಿಸುತ್ತಾರೆ ಅಂತ. "ನನ್ನ ಕೈಯಾರೆ ಕೊಂದೆ ಅಂತ ಆ ಹಗ್ಗಾನ ಒಲೆಗೆ ಹಾಕ್ದೆ ಕಣಮ್ಮ" ಅಂದರು. ಫಾತ್ಮೆ ಅತ್ತೆ ಎದ್ದು ಒಳಗೆ ಹೋದರು.

ನನ್ನನ್ನು ಅವರು ಕ್ಷಮಿಸಲಿಲ್ಲ. "ನೀನು ಹೇಳಕ್ಕೆ ಬಂದೆ, ಅದು ಸರಿ. ಮಿಕ್ಕಿದ್ದು ಸರಿ ಅಲ್ಲ" ಅಂದರು. ಅಷ್ಟೇ. ಅದು ನ್ಯಾಯವೇ. ಆದರೆ ನೀನು ಯಾರನ್ನು ಉಳಿಸಲು ಸುಮ್ಮನಿದ್ದೆ? ನನ್ನ ಹೆಸರು ಕೆಡಬಾರದು ಅಂತಲಾ, ನಿನ್ನ ಹೆಸರಾ? ನೀನು ಸುಮ್ಮನಿದ್ದದ್ದನ್ನು ಹೊತ್ತವರು ಅವರು.

ಬಿಲ್ಯಾನಾ


ದೇವಿನ್
20 ಡಿಸೆಂಬರ್ 2024

ಮಗಳೇ,

ನಿನ್ನ ಪತ್ರ ಓದಿ ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಯಾರನ್ನು ಕೇಳಿ ಹೋದಳು ಅಂತ ಗೋಡೆಗೆ ಬೈದೆ. ಗೋಡೆ ಎಷ್ಟು ಹೊತ್ತು ಕೇಳೀತು.

ನಿನ್ನ ಹೆಸರಲ್ಲ. ನನ್ನದು. ನಲವತ್ತು ವರ್ಷ ಆ ಬೆಟ್ಟದ ಮೇಲೆ ನನ್ನ ಮಾತಿಗೆ ಎದುರು ಮಾತಿರಲಿಲ್ಲ. ಡಾಕ್ಟ್ರಮ್ಮನ ಮಗಳೇ ಹೀಗೆ ಮಾಡಿದಳು ಅಂತ ಸಾಲಿಹನ ಬಾಯಲ್ಲಿ ಕೇಳುವ ಧೈರ್ಯ ಇರಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಕಂಪನಿಯ ಮೇಲೆ ಕೂಗಾಡುತ್ತಿದ್ದಾಗ ಅದು ಮರೆತೇ ಹೋಗುತ್ತಿತ್ತು. ಚೆನ್ನಾಗಿ ಕೂಗಾಡಿದೆ ನಾನು, ಅಲ್ವಾ?

ಮಂಗಳವಾರ ಹೋದೆ. ಅವನು ಕೊಟ್ಟಿಗೆಯಲ್ಲಿ ಮುದಿ ಕುದುರೆಗೆ ಹುಲ್ಲು ಹಾಕುತ್ತಿದ್ದ. "ಸಾಲಿಹ್, ಆ ಹಗ್ಗ ನಿನ್ನ ತಪ್ಪಲ್ಲ. ನಾನು ಹೊತ್ತಿಗೆ ಬಂದಿದ್ದರೆ ಹಗ್ಗದ ಮಾತೇ ಬರ್ತಿರಲಿಲ್ಲ. ಯಾಕೆ ಬರಲಿಲ್ಲ ಅಂತ ನನಗೆ ಜೂನಿನಲ್ಲೇ ಗೊತ್ತಿತ್ತು, ನಿನಗೆ ಹೇಳಲಿಲ್ಲ" ಅಂದೆ. ಅವನು ಹುಲ್ಲು ಹಾಕಿ ಮುಗಿಸುವ ತನಕ ತಿರುಗಲಿಲ್ಲ. ಆಮೇಲೆ ಬಂತು ನೋಡು ಮಾತು. ಅವನನ್ನು ಇಪ್ಪತ್ತು ವರ್ಷದಿಂದ ಬಲ್ಲೆ, ಹಾಗೆ ಬೈದದ್ದು ಕೇಳಿರಲಿಲ್ಲ. "ನೀವು ಓದಿದೋರು, ನಿಮಗೆ ಬಾಯಿ ಇದೆ, ಎಲ್ಲರ ಮೇಲೂ ಬಿಡ್ತೀರ. ನನ್ನ ಹತ್ರ ಒಂದು ಮಾತು ಹೇಳಕ್ಕೆ ಆ ಬಾಯಿಗೆ ಏನಾಗಿತ್ತು?" ಅಂದ. ನಾನು ನಿಂತು ಕೇಳಿದೆ. ಸಮರ್ಥನೆ ಮಾಡಿಕೊಳ್ಳಲು ನಾಲಿಗೆ ಎರಡು ಸಲ ಎದ್ದಿತು, ಎರಡು ಸಲವೂ ಕಚ್ಚಿಕೊಂಡೆ.

ಕೊನೆಗೆ ಅವನೇ, "ಗುರುವಾರ ಕೆಳಗಿನ ಊರಲ್ಲಿ ಒಂದು ಹೆಣ್ಣು ಕುದುರೆ ಮಾರಕ್ಕಿದೆ. ಬಂದು ನೋಡ್ತೀರಾ? ಹೆಂಗಿದ್ರೆ ಹಂಗೇ ಹೇಳಬೇಕು" ಅಂದ. ಅರ್ಧ ದುಡ್ಡು ನಾನು ಹಾಕುತ್ತೇನೆ ಅಂದೆ. "ಅದು ಆಮೇಲಿನ ಮಾತು" ಅಂದ.

ನಿನ್ನೆ ಹೋಗಿದ್ದೆವು. ಹೋಗುವಾಗ ಅವನು ಹಿಂದಿನ ಸೀಟಿನಲ್ಲಿ ಕೂತ. ಕುದುರೆ ಬಹಳ ಚಂದ, ಕೆಂಚು ಮೈ, ಒಳ್ಳೆ ಎದೆ. ಸಾಲಿಹ್‌ಗೆ ನೋಡಿದ ಕೂಡಲೇ ಮನಸ್ಸು ಹೋಯಿತು, ಕುತ್ತಿಗೆ ಸವರುತ್ತಾ ನಿಂತುಬಿಟ್ಟ. ನಾನು ಹಲ್ಲು ನೋಡಿದೆ, ನಡೆಸಿ ನೋಡಿದೆ. "ಎಡಗಡೆ ಹಿಂಗಾಲು ಸರಿಯಿಲ್ಲ. ಇಳಿಜಾರಿನಲ್ಲಿ ದಿಮ್ಮಿ ತಡೆಯಲ್ಲ" ಅಂತ ಮಾರುವವನ ಎದುರೇ ಹೇಳಿದೆ. ಅವನು ನನ್ನ ವಂಶವನ್ನೆಲ್ಲ ಜಾಲಾಡಿದ. ಸಾಲಿಹ್ ಇನ್ನೊಂದು ಸಲ ಕುತ್ತಿಗೆ ಸವರಿ, ಹಗ್ಗ ಅವನ ಕೈಗೆ ಕೊಟ್ಟು ಬಂದ.

ವಾಪಸ್ ಬರುವಾಗ ಮುಂದಿನ ಸೀಟಿನಲ್ಲಿ ಕೂತ.

ಮುಂದಿನ ಶನಿವಾರ ಇನ್ನೊಂದು ಕುದುರೆ ನೋಡುವುದಿದೆ. ಬೆಳಿಗ್ಗೆ ಎಂಟಕ್ಕೆ ಹೊರಡುತ್ತೇವೆ. ಶುಕ್ರವಾರವೇ ಬಾ, ರಾತ್ರಿ ಮನೆಯಲ್ಲಿ ಮಲಗು.

ನಿನ್ನ ಅಮ್ಮ